ಕಡಲ ದಂಡೆಯ ಟೂಲ್ ಸ್ಟೋರು

ಅವರ ಹೆಸರು ಇಲ್ಲಿ ಬರೆಯೋದಿಲ್ಲ. ಬರೆದರೆ ಅವರಿಗೇ ಹಿಡಿಸಲ್ಲ. ಹೊಸೂರಿನ ಒಂದು ಕಾರ್ಖಾನೆಯ ಟೂಲ್ ಸ್ಟೋರಿನಲ್ಲಿ, ತಂತಿಜಾಲರಿ ಕಿಟಕಿಯ ಹಿಂದೆ ಅರ್ಧ ಆಯುಸ್ಸು ಕಳೆದ ಮನುಷ್ಯ. ಕಿಟಕಿ ಮುಂದೆ ಬಂದು ನಿಂತವನು ಸ್ವಂತ ಭಾವಮೈದನೇ ಆಗಿದ್ದರೂ "ಹೆಸ್ರು ಕಟ್ಕೊಂಡು ನಾನೇನ್ ಮಾಡ್ಲಿ, ನಂಬರ್ ಹೇಳ್ಲಾ" ಅನ್ನೋರು. ದೊಡ್ಡವರು ಅವರನ್ನ ಟೋಕನ್ ಅಣ್ಣ ಅಂತಿದ್ದರು, ಮಕ್ಕಳು ಟೋಕನ್ ಮಾಮ ಅಂತಿದ್ದವು. ನನಗೂ ಅಷ್ಟೇ ಸಾಕು.

ಹೋದ ತಿಂಗಳು ಅವರು ರಿಟೈರ್ ಆದರು. ಬೀಳ್ಕೊಡುಗೆಗೆ ಫ್ಯಾಮಿಲಿಯೋರೆಲ್ಲ ಬರಬೇಕು ಅಂತ ಹೇಳಿ ಕಳಿಸಿದ್ದರು. ಹೆಂಗಸರ ಪರವಾಗಿ ಎರಡು ಮಾತಾಡಿ ಅಂತ ಮೈಕು ತಂದು ನನ್ನ ಕೈಗೆ ಕೊಟ್ಟರು. ನಾನು ಮನೇಲಿ ಮಾತಿಗೆ ನಿಂತರೆ ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿಬಿಡುತ್ತಾರೆ, ಅಂಥ ಬಾಯಿ ನನ್ನದು. ಆವತ್ತು ಮಾತ್ರ "ಅಣ್ಣ ತುಂಬಾ ಒಳ್ಳೇವ್ರು" ಅಂದು ಮೂಗು ಒರೆಸಿಕೊಂಡು ಇಳಿದುಬಿಟ್ಟೆ. ಅದಕ್ಕೆ ಹತ್ತು ನಿಮಿಷ ಮುಂಚೆ ಒಂದು ಚೀಟಿ ನೋಡಿದ್ದೆ, ಅದೇ ಕಾರಣ. ಆಡದೆ ಉಳಿದ ಮಾತು ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ಅನ್ನ ಸೇರಲ್ಲ. ಅದಕ್ಕೇ ಈಗ ಬರೆಯೋಕೆ ಕೂತಿದ್ದೀನಿ.

ಟೂಲ್ ಸ್ಟೋರು ಅಂದರೆ ಏನು ಅಂತ ನನಗೂ ಮದುವೆಯಾಗಿ ಹೊಸೂರಿನ ಮೂಕಂಡಪಲ್ಲಿಗೆ ಬರೋ ತನಕ ಗೊತ್ತಿರಲಿಲ್ಲ. ನಮ್ಮದು ಚನ್ನಪಟ್ಟಣದ ಕಡೆ. ಗಂಡ ಲೇಥ್ ಆಪರೇಟರ್. ಕೆಲಸಕ್ಕೆ ಸ್ಪ್ಯಾನರೋ ಡ್ರಿಲ್ಲೋ ಬೇಕಾದರೆ ಸ್ಟೋರಿನ ಕಿಟಕಿಗೆ ಹೋಗಬೇಕು, ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಡಬೇಕು. ಅದೇ ಟೋಕನ್. ಸ್ಪ್ಯಾನರ್ ನೇತುಹಾಕಿದ್ದ ಮೊಳೆಗೆ ಟೋಕನ್ ಹೋಗಿ ಕೂರುತ್ತೆ. ಶಿಫ್ಟ್ ಬೆಲ್ ಹೊಡೆಯೋದರೊಳಗೆ ಸ್ಪ್ಯಾನರ್ ವಾಪಸ್ ಬರಬೇಕು, ಟೋಕನ್ ವಾಪಸ್ ಹೋಗಬೇಕು. ಏನಾದರೂ ಸಾಣೆಗೋ ರಿಪೇರಿಗೋ ಹೋಗಿದ್ದರೆ ಆ ಮೊಳೆಗೆ ಒಂದು ಚೀಟಿ: "ಸಾಣೆಯೋನ ಹತ್ರ ಇದೆ. ಗುರುವಾರ ಬರ್ಬೇಕು." ಒಟ್ಟಿನಲ್ಲಿ ಮೊಳೆ ಬರಿದಾಗಿರಬಾರದು. ಬರೀ ಮೊಳೆ ಕಂಡರೆ ಅಣ್ಣನಿಗೆ ಮೈಮೇಲೆ ಗೌಳಿ ಬಿದ್ದ ಹಾಗೆ ಆಗೋದು.

ಆ ಚೀಟಿಗಳನ್ನ ಅವರು ಕನ್ನಡದಲ್ಲೇ ಬರೆಯೋರು. ಊರು ಉದ್ದನಪಲ್ಲಿ, ತಲೆತಲಾಂತರದಿಂದ ಅಲ್ಲೇ ರಾಗಿ, ಹುರುಳಿ, ಟೊಮ್ಯಾಟೊ ಬೆಳೆಯೋ ಮನೆ. ಹೆಂಡತಿ ಜತೆ ತೆಲುಗು, ಮ್ಯಾನೇಜರ್ ಜತೆ ತಮಿಳು, ಬೈಯೋಕೆ ಮೂರೂ. ಆದರೆ ಏಳನೇ ಕ್ಲಾಸಿನ ತನಕ ಕನ್ನಡ ಸ್ಕೂಲಲ್ಲಿ ಓದಿದ್ದಕ್ಕೆ ಕೈಗೆ ಬರುತ್ತಿದ್ದದ್ದು ಕನ್ನಡ ಅಕ್ಷರ ಒಂದೇ. ಮ್ಯಾನೇಜರು ಶುರುವಿನಲ್ಲಿ ಕೂಗಾಡಿ ನೋಡಿದರಂತೆ. "ನಿಮ್ಗೆ ಓದಕ್ ಬರ್ದಿದ್ರೆ ನನ್ ಕೇಳಿ ಸಾರ್, ನಾನ್ ಎಲ್ಲೋಯ್ತೀನಿ" ಅಂದರಂತೆ ಅಣ್ಣ. ಆಮೇಲಾಮೇಲೆ ಚೀಟಿ ತೂಗಾಡುತ್ತಿದ್ದರೆ ಸಾಕು, ಅದರಲ್ಲಿ ಏನಿದೆ ಅಂತ ಯಾರೂ ಕೇಳುತ್ತಿರಲಿಲ್ಲ.

ನಾನು ಅವರನ್ನ ಮೊದಲು ನೋಡಿದ್ದು ಒಂದು ಭಾನುವಾರ ಬೆಳಿಗ್ಗೆ, ನಮ್ಮ ಮನೆ ಬಾಗಿಲಲ್ಲೇ. ಖಾಕಿ ಪ್ಯಾಂಟು, ಬಿಳಿ ಅಂಗಿ, ಕಿವಿಯಲ್ಲಿ ಪೆನ್ಸಿಲ್ಲು. ಎಡಗೈಯಲ್ಲಿ ಎರಡು ಬೆರಳಿಗೆ ತುದಿ ಇರಲಿಲ್ಲ. "ಹದಿನೆಂಟು-ಹತ್ತೊಂಬತ್ತು ಸೈಜಿನ ಸ್ಪ್ಯಾನರ್ ಒಂದು ನಿಮ್ ಯಜಮಾನ್ರ ಜೇಬಲ್ಲಿ ಬಂದ್ಬುಟ್ಟೈತೆ ಕಣಮ್ಮ" ಅಂದರು. ಗಂಡ ಸ್ನಾನಕ್ಕೆ ಹೋಗಿದ್ದರು. ಕಾಫಿ ಕೊಡ್ತೀನಿ ಕೂತ್ಕೊಳ್ಳಿ ಅಂದೆ. "ಮೊದ್ಲು ಸ್ಪ್ಯಾನರು, ಆಮೇಲೆ ಕಾಫಿ" ಅಂದು ನಿಂತೇ ಇದ್ದರು. ಅವರು ಕೇಳುತ್ತಿರೋದು ಯಾವುದು ಅಂತ ನನಗೆ ಥಟ್ಟನೆ ಹೊಳೆಯಿತು. ಹಿಂದಿನ ದಿನದಿಂದ ಅದನ್ನ ಮಹಡಿ ಮೇಲೆ ಸಂಡಿಗೆ ಬಟ್ಟೆ ಹಾರದ ಹಾಗೆ ಮೂಲೆಗೆ ಭಾರ ಇಟ್ಟಿದ್ದೆ. ಅಣ್ಣ ನನ್ನ ಹಿಂದೆಯೇ ಮಹಡಿ ಹತ್ತಿ ಬಂದರು, ಸ್ಪ್ಯಾನರ್ ಎತ್ತಿಕೊಂಡು ಅಂಗಿಗೆ ಒರೆಸಿದರು. ಆಮೇಲೆ ಆ ಕಡೆ ಈ ಕಡೆ ನೋಡಿ, ಅರ್ಧ ಇಟ್ಟಿಗೆ ಹುಡುಕಿ ತಂದು ಅದೇ ಜಾಗದಲ್ಲಿಟ್ಟು, "ಖಾಲಿ ಬಿಡ್ಬಾರ್ದು" ಅಂದರು. ಅಷ್ಟಾದ ಮೇಲೆ ಎರಡು ಲೋಟ ಕಾಫಿ ಕುಡಿದರು.

ಇನ್ನು ಸಮುದ್ರದ ವಿಷಯ. ನಮ್ಮ ಹೊಸೂರಿಂದ ಸಮುದ್ರ ದೂರ. ಪೊಂಗಲ್ ರಜೆಯಲ್ಲಿ ಕಾರ್ಖಾನೆಯೋರು ಒಂದು ಬಸ್ಸು ಮಾಡಿಕೊಂಡು ಪಾಂಡಿಚೇರಿ ಕಡೆ ಟೂರ್ ಹೋಗೋ ಪದ್ಧತಿ ಇತ್ತು. ನಾನು ಮೊದಲ ಸಲ ಹೋದಾಗ ಮಗನಿಗೆ ಎರಡೂವರೆ ವರ್ಷ. ಹುಟ್ಟಿದ ಮೇಲೆ ಸಮುದ್ರವನ್ನೇ ಕಾಣದವಳು ನಾನು, ಹೊಸ ಸೀರೆ ಉಟ್ಟುಕೊಂಡು ಹೋದೆ. ಏನಾಯಿತು? ಬಸ್ಸು ನಿಂತಿದ್ದೇ ತಡ, ಗಂಡಸರೆಲ್ಲ ಪ್ಯಾಂಟು ಕಳಚಿ ಚಡ್ಡಿಯಲ್ಲಿ ಓಡಿದರು. ಹೆಂಗಸರೆಲ್ಲ ಮರಳಲ್ಲಿ ಕೂತೆವು. ಮಡಿಲಲ್ಲಿ ಮಕ್ಕಳು, ಸುತ್ತ ಚಪ್ಪಲಿ, ವಾಚು, ಪರ್ಸು, ಪುಳಿಯೋಗರೆ ಡಬರಿ. ನನ್ನ ಮಗನೋ, ಬಿಟ್ಟರೆ ನೀರಿಗೆ ಓಡ್ತಾನೆ, ಹಿಡಿದರೆ ಮರಳು ತಿಂತಾನೆ. ಮೂರು ಗಂಟೆ ಹೊತ್ತು ಅವನ ಬಾಯಿಂದ ಮರಳು ತೆಗೆದೆ. ಸಮುದ್ರ ನೋಡಿದ್ದು ಬೇರೆಯವರ ಕಾಲಿನ ಸಂದಿಯಲ್ಲಿ. ವಾಪಸ್ ಬರೋವಾಗ ಗಂಡ ಬಸ್ಸಲ್ಲಿ ತಲೆ ಒರೆಸಿಕೊಳ್ಳುತ್ತಾ "ಹೆಂಗಿತ್ತೇ ಸಮುದ್ರ?" ಅಂತ ಕೇಳಿದರು. ನಾನು ಕೊಟ್ಟ ಉತ್ತರ ಇಲ್ಲಿ ಬರೆಯೋ ಹಾಗಿಲ್ಲ.

ಮುಂದಿನ ವರ್ಷ ಮತ್ತೆ ಟೂರು. ಬಸ್ಸು ಕೃಷ್ಣಗಿರಿ ಹತ್ತಿರ ಟೀಗೆ ನಿಂತಾಗ ನಾವು ಹೆಂಗಸರು ಒಂದು ಕಡೆ ಗುಂಪಾಗಿ ನಿಂತಿದ್ದೆವು. ನಾನು ಹೊಟ್ಟೆಯ ಉರಿ ತಡೆಯಲಾರದೆ ಅಂದೆ: "ಇಷ್ಟು ದೂರ ಹೋಗಿ ಕ್ಯಾಲೆಂಡರ್ ಚಿತ್ರ ನೋಡ್ದಂಗೆ ಸಮುದ್ರ ನೋಡ್ಕೊಂಡು ಬರೋದಕ್ಕೆ ನಾವ್ಯಾಕೆ ಹೋಗ್ಬೇಕು? ಒಂದೇ ಒಂದು ಗಂಟೆ, ಒಂದು ಗಂಟೆ ಕಾಲು ನೆನೆಸ್ಕೊಳ್ಳೋಕೆ ಬಿಟ್ಟರೆ ಇವರ ಗಂಟೇನು ಹೋಗುತ್ತೆ?" ಎಲ್ಲರೂ ಹೂಂ ಅಂದರು, ಯಾರಿಗೂ ದಾರಿ ಗೊತ್ತಿರಲಿಲ್ಲ. ಅಣ್ಣ ಪಕ್ಕದಲ್ಲೇ ನಿಂತು ಟೀ ಆರಿಸಿಕೊಳ್ಳುತ್ತಿದ್ದರು. ಕೇಳಿಸಿಕೊಂಡ ಹಾಗೆ ತೋರಿಸಲಿಲ್ಲ. ಆದರೆ ಅವರ ಬಗಲಲ್ಲಿ ಒಂದು ಬಟ್ಟೆಚೀಲ ಇತ್ತು, ನಡೆದರೆ ಗಲಗಲ ಅನ್ನುತ್ತಿತ್ತು.

ಸಮುದ್ರದ ಹತ್ತಿರ ಇಳಿದ ತಕ್ಷಣ ಗಂಡಸರು ರೂಢಿಯಂತೆ ಓಡೋಕೆ ಹೊರಟರು. ಅಷ್ಟರಲ್ಲಿ ಪುರ್ ಅಂತ ಸೀಟಿ. ನೋಡಿದರೆ ಅಣ್ಣ. ಮರಳಲ್ಲಿ ನಾಲ್ಕು ಕಡ್ಡಿ ನೆಟ್ಟು, ಹಗ್ಗ ಕಟ್ಟಿ, ಒಂದು ಕಡೆ ಕಿಟಕಿಯಷ್ಟು ಜಾಗ ಬಿಟ್ಟು ನಿಂತಿದ್ದಾರೆ. "ಮಕ್ಳುನ್ನೆಲ್ಲ ಇಲ್ಲಿ ತನ್ನಿ. ಒಂದೊಂದಾಗಿ. ಲೈನು ಲೈನು!"

ವಿಷಯ ಇಷ್ಟೇ. ಹೊಸ ಕೆಲಸಗಾರರಿಗೆ ಅಂತ ಸ್ಟೋರಿನಲ್ಲಿ ಇಟ್ಟಿದ್ದ ನಲವತ್ತು ಟೋಕನ್ನನ್ನ ಅವರು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಮಗು ಒಪ್ಪಿಸಿದ ತಾಯಿಗೆ ಒಂದು ಟೋಕನ್. ಮಗುವಿನ ಮುಂಗೈ ಮೇಲೆ ಅದೇ ನಂಬರು, ಕಬ್ಬಿಣದ ಮೇಲೆ ಗುರುತು ಹಾಕೋ ಹಳದಿ ಪೆಯಿಂಟಿನ ಪೆನ್ನಲ್ಲಿ. ಟೋಕನ್ ತಂದರೆ ಮಗು, ಇಲ್ಲದಿದ್ದರೆ ಇಲ್ಲ. "ಅಣ್ಣ, ಸ್ಟೋರಲ್ಲಿ ತಗೊಳೋರು ಟೋಕನ್ ಕೊಡ್ತಾರೆ, ಇಲ್ಲಿ ಉಲ್ಟಾ ಯಾಕೆ?" ಅಂತ ನನ್ನ ಗಂಡ ಜಾಣತನ ತೋರಿಸಿದರು. "ಇಲ್ಲಿ ತಗೊತಿರೋನು ನಾನಲ್ವೇನ್ಲಾ? ಅದ್ಕೆ ಕೊಡೋನೂ ನಾನೇ" ಅಂದರು ಅಣ್ಣ.

ಟೂರ್ ಕಮಿಟಿ ಸೆಕ್ರೆಟರಿಗೆ ಇದು ಸರಿಬರಲಿಲ್ಲ. ಅವನೊಬ್ಬ ಉದ್ದ ಕ್ರಾಪಿನ ಫಿಟ್ಟರ್, ಎಲ್ಲದಕ್ಕೂ ಮೂಗು ತೂರಿಸೋನು. "ಅಣ್ಣಾ, ಇದೆಲ್ಲ ಬೇಕಾ? ಹೆಂಗಸ್ರು ನೀರಿಗೋಗಿ, ಮಕ್ಳು ಇಲ್ಲಿ ಬಿದ್ದು... ಒಂದು ಎಡವಟ್ಟಾಗ್ಲಿ, ಬರೋ ವರ್ಷದಿಂದ ಟೂರು ಗಂಡಸರಿಗೆ ಮಾತ್ರ ಅಂತ ಬರೆದುಬಿಡ್ತೀನಿ, ನೋಡ್ತಿರಿ." ಅಣ್ಣ ಅವನ ಮುಖ ನೋಡದೆ "ಬರ್ಕೊ" ಅಂದರು. ನಮಗೆಲ್ಲ ಒಂದು ಗಂಟೆ ಟೈಮು ಕೊಟ್ಟರು. ನನ್ನದು ಹದಿನಾಲ್ಕನೇ ನಂಬರು. ಟೋಕನ್ನನ್ನ ಸೆರಗಿನ ತುದಿಗೆ ಗಂಟು ಹಾಕಿ, ಮಗನ ಕಡೆ ತಿರುಗಿಯೂ ನೋಡದೆ ನೀರಿಗೆ ಹೋದೆ.

ಆ ಒಂದು ಗಂಟೆ ಹೇಗಿತ್ತು ಅಂತ ಕೇಳಬೇಡಿ. ಮೊದಲ ಅಲೆ ಕಾಲಿಗೆ ಬಡಿದು ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳು ಎಳೆದುಕೊಂಡು ಹೋಗುತ್ತಲ್ಲ, ಆಗ ನಾನು "ಅಯ್ಯಯ್ಯೋ" ಅಂತ ಕಿರುಚಿದ್ದಕ್ಕೆ ದೂರದಲ್ಲಿದ್ದ ನನ್ನ ಗಂಡ ಹಾವು ಕಚ್ಚಿತೇನೋ ಅಂದುಕೊಂಡರಂತೆ. ಹನ್ನೆರಡು ವರ್ಷದ ಹುಡುಗಿ ಥರ ಕುಣಿದೆ. ಕಾಲು ನೆನೆಸೋಕೆ ಅಂತ ಹೋದವಳು ತಲೆತನಕ ಮುಳುಗಿದೆ. ಉಪ್ಪುನೀರು ಕುಡಿದೆ. ಇಷ್ಟು ಖುಷಿ ನನಗೆ ಮದುವೆ ದಿನ ಕೂಡ ಆಗಿರಲಿಲ್ಲ, ಗಂಡ ಓದಿದರೆ ಓದಲಿ.

ದಂಡೆಯಲ್ಲಿ ಏನು ನಡೆಯಿತು ಅನ್ನೋದನ್ನ ಮಗ ಆಮೇಲೆ ಒಂದು ತಿಂಗಳು ವರದಿ ಒಪ್ಪಿಸಿದ. ಮುಂದಿನ ವರ್ಷಗಳಲ್ಲಿ ನಾನೂ ನೋಡಿದೆ. ಅಣ್ಣನ ಹತ್ತಿರ ಬಲೂನಿಲ್ಲ, ಬಾಲಿಲ್ಲ, ಕಥೆ ಹೇಳೋಕೂ ಬರಲ್ಲ. ಗೊತ್ತಿದ್ದದ್ದು ಎರಡೇ, ಹೊಲ ಮತ್ತು ಕಾರ್ಖಾನೆ. ಎರಡನ್ನೂ ಮರಳಲ್ಲಿ ಇಳಿಸಿಬಿಟ್ಟಿದ್ದರು.

ಮಕ್ಕಳನ್ನ ಮೂರು ಶಿಫ್ಟ್ ಮಾಡಿದರು. ಎ ಶಿಫ್ಟು ಬಾವಿ ತೋಡಬೇಕು. ಸೀಟಿ. ಬಿ ಶಿಫ್ಟು ಬಂದು ಆ ಬಾವಿ ಮುಚ್ಚಬೇಕು. ಸೀಟಿ. ಸಿ ಶಿಫ್ಟು ಬಂದು ತಿರುಗಾ ತೋಡಬೇಕು. ಐದು ವರ್ಷದ ಒಂದು ಹುಡುಗಿ "ಮಾಮ, ಮುಚ್ಚೋದ್ಯಾಕೆ?" ಅಂತ ಕೇಳಿದಳಂತೆ. "ಮುಚ್ದಿದ್ರೆ ಮುಂದಿನ್ ಶಿಫ್ಟೋರ್ಗೆ ಕೆಲ್ಸ ಎಲ್ಲೈತೆ ಕಣವ್ವ?" ಅಂದರಂತೆ. ಆ ಮಗುವಿಗೆ ಅದು ಎಷ್ಟು ಸರಿ ಅನ್ನಿಸಿತು ಅಂದರೆ ಎರಡೂ ಕೈಯಲ್ಲಿ ಮುಚ್ಚೋಕೆ ಶುರು ಮಾಡಿದಳು.

ಆಮೇಲೆ ಟೀ ಲೋಟದಲ್ಲಿ ಒದ್ದೆ ಮರಳು ಒತ್ತಿ ಇಡ್ಲಿ ಮಾಡೋ ಕೆಲಸ. ಅಣ್ಣ ಇನ್ಸ್‌ಪೆಕ್ಷನ್ನು. ಕಿವಿಯ ಪೆನ್ಸಿಲ್ ತೆಗೆದು ಪ್ರತಿ ಇಡ್ಲಿಯ ಎತ್ತರ ಅಳೆಯೋರು, ಒಂದು ಕಣ್ಣು ಮುಚ್ಚಿ ನೋಡೋರು, "ರಿಜೆಕ್ಟ್!" ಅನ್ನೋರು. ರಿಜೆಕ್ಟ್ ಅಂದಕೂಡಲೇ ಇಡ್ಲಿ ಮಾಡಿದ ಮಗುವೇ ಅದನ್ನ ಒದ್ದು ಪುಡಿ ಮಾಡಬೇಕು. ಸರಿಯಾಗಿ ಮಾಡಿದ ಮಗು ಅಳೋಕೆ ಶುರು ಮಾಡೋದು, ಒದೆಯೋಕೆ ಸಿಗಲಿಲ್ಲವಲ್ಲ ಅಂತ. ಅದಕ್ಕೂ "ಆಯ್ತು ಬಿಡು, ರೀವರ್ಕ್" ಅಂತ ಸಮಾಧಾನ ಹೇಳೋರು. ನನ್ನ ಮಗ ಹನ್ನೊಂದು ಸಲ ರಿಜೆಕ್ಟ್ ಆದನಂತೆ. ಸ್ಕೂಲಲ್ಲಿ ಫಸ್ಟ್ ಬಂದ ಹಾಗೆ ಹೇಳಿಕೊಳ್ಳುತ್ತಿದ್ದ.

ಎಲ್ಲಕ್ಕಿಂತ ಮಜಾ ಅಂದರೆ ಅಲೆಗಳ ಹಾಜರಿ. ಮಕ್ಕಳಿಗೆ ಸಾಕಾಗಿ ರಾಗ ತೆಗೆಯೋ ಹೊತ್ತಿಗೆ ಎಲ್ಲರನ್ನೂ ಹಗ್ಗದ ಹಿಂದೆ ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೂ ಒಂದೊಂದು ಅಲೆ. "ನಂಬರ್ ಒಂದು!" ಅಂತ ಅಣ್ಣ ಕೂಗಿದರೆ ಒಂದನೇ ಮಗುವಿನ ಅಲೆ ಬರಬೇಕು. ಬಂದು ದಡ ಮುಟ್ಟಿದರೆ ಮಗು "ಪ್ರೆಸೆಂಟ್ ಸಾರ್" ಅನ್ನಬೇಕು. ಸಣ್ಣ ಅಲೆ ಬಂದರೆ "ಲೇಟು, ಅರ್ಧ ದಿನ ಸಂಬಳ ಕಟ್!" ದೊಡ್ಡದು ಬಂದರೆ "ಓವರ್‌ಟೈಮು!" ಅಂತ ಬಾಯಿಗೆ ಒಂದು ಕಡಲೆಕಾಯಿ ಬೀಜ. ಮೂರು ವರ್ಷದ, ನಾಲ್ಕು ವರ್ಷದ ಮಕ್ಕಳು ತಮ್ಮ ಅಲೆ ಬರಲಿ ಅಂತ ಉಸಿರು ಬಿಗಿಹಿಡಿದು ಸಮುದ್ರ ನೋಡುತ್ತಾ ಕೂರುತ್ತಿದ್ದವು. ನನ್ನ ಮಗ ಮರಳು ತಿನ್ನೋದನ್ನೇ ಮರೆತಿದ್ದ.

ಅಣ್ಣ ಮಾತ್ರ ನೀರಿಗೆ ಬೆನ್ನು ಹಾಕಿ ನಿಲ್ಲೋದಿಲ್ಲ, ನೀರಿನ ಹತ್ತಿರಕ್ಕೂ ಹೋಗೋದಿಲ್ಲ. ಯಾಕಣ್ಣ ಅಂತ ಕೇಳಿದ್ದಕ್ಕೆ ಹೇಳಿದ್ದರು: "ಈಪಾಟಿ ದೊಡ್ಡ ಮಿಷನ್ನು, ಹಗ್ಲೂ ರಾತ್ರಿ ಓಡ್ತಾನೇ ಐತೆ. ಇದ್ರ ಆಫ್ ಸ್ವಿಚ್ ಎಲ್ಲೈತೆ? ತೋರ್ಸು, ಆಮೇಲ್ ಬತ್ತೀನಿ." ಎಡಗೈಯ ಆ ಎರಡು ಬೆರಳು ಹೋಗಿದ್ದು ಅವರಿನ್ನೂ ಹುಡುಗನಾಗಿ ಪ್ರೆಸ್ ಮಿಷನ್ ಮೇಲಿದ್ದಾಗ. ಅದಾದ ಮೇಲೇ ಅವರನ್ನ ಸ್ಟೋರಿಗೆ ಹಾಕಿದ್ದು. ಹಾಗಾಗಿ ಆ ಮಾತಿಗೆ ನಾವು ನಕ್ಕರೂ ಜಾಸ್ತಿ ನಗುತ್ತಿರಲಿಲ್ಲ.

ಗಂಟೆ ಆಯಿತು, ಸೀಟಿ ಹೊಡೆದರು. ಹೆಂಗಸರೆಲ್ಲ ಒದ್ದೆ ಸೀರೆಯಲ್ಲಿ ಹಗ್ಗದ ಕಿಟಕಿ ಮುಂದೆ ಸಾಲು ನಿಂತೆವು. ಟೋಕನ್ ಕೊಡು, ಮಗು ತಗೊ. ಯಾರೋ ದೊಡ್ಡ ಆಫೀಸರ್ ಹೆಂಡತಿ ಟೋಕನ್ನನ್ನ ಪರ್ಸಿಗೆ ಹಾಕಿ, ಪರ್ಸನ್ನ ಬಸ್ಸಲ್ಲಿ ಇಟ್ಟು ಬಂದಿದ್ದಳು. "ನಾನು ಯಾರು ಅಂತ ಗೊತ್ತಲ್ವಾ?" ಅಂದಳು. "ಮಕ ನೋಡಿ ಕೊಡಂಗಿದ್ರೆ ನನ್ ಸ್ಟೋರು ಯಾವತ್ತೋ ಖಾಲಿ ಆಗಿರೋದು ತಾಯಿ" ಅಂದರು. ಪಾಪ, ಸುಡೋ ಮರಳಲ್ಲಿ ಬಸ್ಸಿನ ತನಕ ಹೋಗಿ ಬಂದಳು.

ಸಾಲು ಕರಗುತ್ತಾ ಬಂತು. ನಾನು ಮಾತ್ರ ಹಿಂದೆ ಹಿಂದೆ ಸರಿಯುತ್ತಿದ್ದೆ. ಸೆರಗಿನ ತುದಿ ಹುಡುಕಿದರೆ ಗಂಟು ಬಿಚ್ಚಿಹೋಗಿತ್ತು. ಟೋಕನ್ ಇಲ್ಲ! ಸೊಂಟ, ಕುಪ್ಪಸ, ಎಲ್ಲಾ ತಡಕಿದೆ, ಇಲ್ಲ. ನನ್ನ ಜೀವ ಬಾಯಿಗೆ ಬಂತು. ಮಗ ಎದುರಿಗೇ ಇದ್ದಾನೆ, ಅವನಿಗೇನೂ ಆಗಿಲ್ಲ. ಹೆದರಿಕೆ ಅದಲ್ಲ. ಆ ಫಿಟ್ಟರ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದ. ಅವನು ಕಾಯುತ್ತಿದ್ದ ಎಡವಟ್ಟು ನಾನೇ ಆಗಿಬಿಟ್ಟಿದ್ದೆ. ಎಲ್ಲಾ ಹೆಂಗಸರ ಒಂದು ಗಂಟೇನ ನಾನೊಬ್ಬಳು ನೀರುಪಾಲು ಮಾಡಿದ್ದೆ.

ಕೊನೆಗೆ ಹಗ್ಗದೊಳಗೆ ಎರಡು ಮಕ್ಕಳು ಉಳಿದವು. ಒಂದು ನನ್ನ ಮಗ. ಇನ್ನೊಂದು ಯಾರದು ಅಂತ ಯಾರಿಗೂ ಗೊತ್ತಿಲ್ಲ! ನಾಲ್ಕು ವರ್ಷದ ಕಪ್ಪನೆ ಹುಡುಗಿ, ಕೆಂಪು ರಿಬ್ಬನ್ನು, ಮೈಯೆಲ್ಲ ಮರಳು. ಅಣ್ಣ ಟೋಕನ್ ಎಣಿಸಿದರು. ತಿರುಗಾ ಎಣಿಸಿದರು. "ಇಪ್ಪತ್ಮೂರು ಕೊಟ್ಟಿದ್ದೆ. ಇಪ್ಪತ್ತೆರಡು ಬಂದೈತೆ. ಒಂದು ಟೋಕನ್ ಕಮ್ಮಿ, ಒಂದು ಮಗು ಜಾಸ್ತಿ" ಅಂದರು. ಹಣೆಯಲ್ಲಿ ಬೆವರು. ಇಷ್ಟು ವರ್ಷದಲ್ಲಿ ಅವರ ಸ್ಟೋರಿನಲ್ಲಿ ಮಾಲು ಕಮ್ಮಿ ಆಗಿದ್ದುಂಟು, ಜಾಸ್ತಿ ಆಗಿದ್ದೇ ಇಲ್ಲ.

ಅಷ್ಟರಲ್ಲಿ ತಲೆ ಮೇಲೆ ಸುಂಡಲ್, ಅದೇ ಕಡಲೆಕಾಳಿನ ಉಸ್ಲಿ, ಮಾರೋ ಬುಟ್ಟಿ ಹೊತ್ತಿದ್ದ ಹೆಂಗಸೊಬ್ಬಳು ಬೊಬ್ಬೆ ಹೊಡೆಯುತ್ತಾ ಬಂದಳು. ಮಗಳು ಆಟ ನೋಡಿ ಆಸೆಪಟ್ಟು ಹಗ್ಗದ ಕೆಳಗೆ ನುಸುಳಿ ಬಿ ಶಿಫ್ಟಿಗೆ ಸೇರಿಕೊಂಡಿದ್ದಾಳೆ. ತಾಯಿ ಅರ್ಧ ಗಂಟೆಯಿಂದ ದಂಡೆಯೆಲ್ಲ ಹುಡುಕುತ್ತಿದ್ದಾಳೆ. ಅವಳು ಮಗುವಿಗೆ ಕೈ ಚಾಚಿದರೆ ನಮ್ಮ ಅಣ್ಣ ಅಡ್ಡ ನಿಂತು, ಬಾಯಿ ತಪ್ಪಿಯೋ ಅಭ್ಯಾಸ ಬಲದಿಂದಲೋ, "ಟೋಕನ್?" ಅಂದುಬಿಟ್ಟರು.

"ಟೋಕನಾ? ಎನ್ನಯ್ಯಾ ಟೋಕನು? ಪೆತ್ತವ ನಾನ್!" ಅಂತ ಅವಳು ಬುಟ್ಟಿ ಇಳಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಹೆತ್ತವಳ ಹತ್ತಿರ ಟೋಕನ್ ಕೇಳೋ ನಿನ್ನ ಮೂತಿಗಿಷ್ಟು ಅಂತ ತಮಿಳಿನಲ್ಲಿ ಅವಳು ಹೇಳಿದ್ದೆಲ್ಲ ನನಗೆ ಅರ್ಥ ಆಗಲಿಲ್ಲ, ಆಗದಿದ್ದದ್ದೇ ಒಳ್ಳೇದು. ಅಣ್ಣ ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡರು. ಆಮೇಲೆ ಚೀಲದಿಂದ ಇಪ್ಪತ್ನಾಲ್ಕನೇ ಟೋಕನ್ ತೆಗೆದು ಅವಳ ಕೈಲಿಟ್ಟರು. ಮಗುವಿನ ಮುಂಗೈ ಮೇಲೆ ಇಪ್ಪತ್ನಾಲ್ಕು ಅಂತ ಬರೆದರು. ಆಮೇಲೆ ಕೈ ಚಾಚಿ "ಇಪ್ಪೋ ಕುಡುಮ್ಮಾ" ಅಂದರು, ಈಗ ಕೊಡಮ್ಮ ಅಂತ. ಅವಳು ಬೆಪ್ಪಾಗಿ ಟೋಕನ್ ವಾಪಸ್ ಕೊಟ್ಟಳು. "ಸರಿ, ಕರ್ಕೊಂಡೋಗು" ಅಂದರು. ಆ ಹುಡುಗಿ ಕೈ ಮೇಲಿನ ನಂಬರನ್ನ ಸಿಕ್ಕಸಿಕ್ಕವರಿಗೆಲ್ಲ ತೋರಿಸಿಕೊಂಡು ಹೋದಳು. ತಾಯಿ ಹೋಗುವಾಗ ತಡೆಯಲಾರದೆ ನಕ್ಕು, ಒಂದು ಪೊಟ್ಟಣ ಸುಂಡಲ್ಲನ್ನ ಅಣ್ಣನ ಕೈಗೆ ತುರುಕಿದಳು.

ಉಳಿದವಳು ನಾನು. "ಅಣ್ಣ, ಟೋಕನ್ ನೀರಲ್ಲಿ ಹೋಗ್ಬುಟ್ಟಿದೆ" ಅಂದೆ. ಅಳು ಬಂದುಬಿಟ್ಟಿತು. ನನ್ನ ಗಂಡ "ಇವಳಿಗೂ ಒಂದು ಹೊಸಾದು ಕೊಟ್ಟು ವಾಪಸ್ ಇಸ್ಕೊಳ್ಳಿ ಅಣ್ಣ, ಮುಗೀತು" ಅಂದರು. ಅಣ್ಣ ತಲೆಯಾಡಿಸಿದರು. "ಅದು ಬೇರೆ ಕಣ್ಲಾ. ಆಯಮ್ಮಂಗೆ ನಾನು ಕೊಟ್ಟೇ ಇರ್ಲಿಲ್ಲ. ಇದು ಕೊಟ್ಟೈತೆ, ಬಂದಿಲ್ಲ."

ಫಿಟ್ಟರಿಗೆ ಹಬ್ಬ. "ನಾನ್ ಹೇಳ್ಲಿಲ್ವಾ? ಒಂದು ಬಿಲ್ಲೆ ಜೋಪಾನ ಮಾಡೋಕಾಗಲ್ಲ, ಇವರಿಗೆ ಸಮುದ್ರ ಬೇಕಂತೆ! ಬರೋ ವರ್ಷದಿಂದ..." ಅಂತ ಶುರು ಮಾಡಿದ. ಒದ್ದೆ ತಲೆಯ ಹೆಂಗಸರ ಮುಖವೆಲ್ಲ ಸಣ್ಣಗಾಯಿತು. ಒಬ್ಬರೂ ನನ್ನನ್ನ ಬೈಯಲಿಲ್ಲ, ಅದೇ ನನಗೆ ಇನ್ನೂ ಕಷ್ಟ ಆಯಿತು.

ಅಣ್ಣ ಒಂದು ಸಲ ನಮ್ಮ ಕಡೆ ನೋಡಿದರು, ಒಂದು ಸಲ ಸಮುದ್ರದ ಕಡೆ. ಚಪ್ಪಲಿ ಬಿಟ್ಟು, ಎರಡನ್ನೂ ಸರಿಯಾಗಿ ಜೋಡಿಸಿಟ್ಟರು. ಖಾಕಿ ಪ್ಯಾಂಟನ್ನ ಮಂಡಿ ತನಕ ಮಡಚಿದರು. "ಎಲ್ಲೋಯ್ತು, ಕೈ ತೋರ್ಸು" ಅಂದರು. ನಾನು ಸುಮ್ಮನೆ ಬಂಗಾಳ ಕೊಲ್ಲಿಯ ಕಡೆ ಕೈ ತೋರಿಸಿದೆ.

ಅಣ್ಣ ನಡೆದರು. ಒಂದೊಂದೇ ಹೆಜ್ಜೆ, ಆಯಿಲ್ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ. ಮೊದಲ ಅಲೆ ಪಾದಕ್ಕೆ ಬಂದಾಗ ನಿಂತುಬಿಟ್ಟರು. ಎಡಗೈ ಎತ್ತಿ, ಬಸ್ಸು ನಿಲ್ಲಿಸೋ ಹಾಗೆ ಅದಕ್ಕೆ ಅಡ್ಡ ಹಿಡಿದರು. ನಮ್ಮ ಮಕ್ಕಳು ಹಿಂದಿನಿಂದ "ನಂಬರ್ ಒಂದು! ಪ್ರೆಸೆಂಟ್ ಸಾರ್! ನಂಬರ್ ಎರಡು!" ಅಂತ ಕೂಗೋಕೆ ಶುರು ಮಾಡಿದವು. ಮಂಡಿ ತನಕ ನೀರು ಬಂತು. ಬಗ್ಗಿ, ಕಣ್ಣು ಮುಚ್ಚಿ, ಭುಜದ ತನಕ ಕೈ ಮುಳುಗಿಸಿ ತಡಕಿದರು. ಇನ್ನೊಂದು ಅಲೆ ಬಂದು ತಲೆಮೇಲೆ ಹಾದುಹೋಯಿತು. ಅಯ್ಯೋ ಅಂತ ನಾನು ಓಡೋಕೆ ಹೊರಟಿದ್ದೆ, ಅಷ್ಟರಲ್ಲಿ ಅಣ್ಣ ಎದ್ದು ನಿಂತರು. ಮೂಗಲ್ಲಿ ಬಾಯಲ್ಲಿ ನೀರು. ಎತ್ತಿದ ಬಲಗೈಯಲ್ಲಿ ಹಿತ್ತಾಳೆ ಬಿಲ್ಲೆ ಬಿಸಿಲಿಗೆ ಫಳಕ್ ಅಂತು.

ದಂಡೆಯಲ್ಲಿದ್ದವರೆಲ್ಲ, ಸುಂಡಲ್ ಹೆಂಗಸೂ ಸೇರಿ, ಹೋ ಅಂತ ಕೂಗಿದರು. ಅಣ್ಣ ಕೆಮ್ಮುತ್ತಾ ಬಂದು ಬಿಲ್ಲೇನ ಚೀಲಕ್ಕೆ ಹಾಕಿಕೊಂಡರು, ನನ್ನ ಮಗನ ಕೈ ಹಿಡಿದು ನನಗೆ ಕೊಟ್ಟರು. ಫಿಟ್ಟರ್ ಕಡೆ ತಿರುಗಿ ಹೇಳಿದರು: "ಟ್ಯಾಲಿ ಆಯ್ತು. ಬರೋ ವರ್ಷಾನೂ ಹಿಂಗೇಯ. ಬರ್ಕೊ."

ಅವನು ಬರೆದುಕೊಂಡ. ಮುಂದಿನ ವರ್ಷ ನಮಗೆ ಎರಡು ಗಂಟೆ ಸಿಕ್ಕಿತು. ಟೋಕನ್ ಅಣ್ಣನಿಗೆ ಹೆದರಿ ಸಮುದ್ರಾನೇ ಮಾಲು ವಾಪಸ್ ಕೊಡ್ತಂತೆ ಅನ್ನೋ ಕಥೆ ಕಾರ್ಖಾನೆಯೆಲ್ಲ ಹಬ್ಬಿ, ಬೇರಿಕೆ ಸಂತೆಯ ತನಕ ಹೋಗಿ, ಅಲ್ಲಿಂದ ನಮ್ಮ ಮನೆಗೆ ಕೊತ್ತಂಬರಿ ಮಾರುವವಳ ಬಾಯಲ್ಲಿ ತಿರುಗಿ ಬಂತು. ಅದರಲ್ಲಿ ಅಣ್ಣ ಅರ್ಧ ಗಂಟೆ ನೀರೊಳಗೇ ಇದ್ದು ಬಂದಿದ್ದರು. ಸ್ಪ್ಯಾನರ್ ಕೊಡೋಕೆ ಲೇಟ್ ಮಾಡುವವರಿಗೆಲ್ಲ "ಸಮುದ್ರಾನೇ ಕೊಡ್ತು, ನೀನ್ಯಾವ ಲೆಕ್ಕಲಾ" ಅನ್ನೋದು ಮಾತೇ ಆಗಿಹೋಯಿತು. ಅಣ್ಣ ಆ ಕಥೆಗೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನೀರಿಗೂ ಮತ್ತೆ ಇಳಿಯಲಿಲ್ಲ.

ಆಮೇಲೊಂದು ಡಿಸೆಂಬರಿನ ಸುನಾಮಿಯಲ್ಲಿ ಸಮುದ್ರ ಏನು ಮಾಡಿತು ಅಂತ ನಾನು ಹೇಳಬೇಕಾಗಿಲ್ಲ. ಆಫ್ ಸ್ವಿಚ್ಚಿನ ಮಾತು ಮತ್ತೆ ಯಾರೂ ತಮಾಷೆಗೆ ಎತ್ತಲಿಲ್ಲ. ರಜವನ್ನೇ ಹಾಕದ ಅಣ್ಣ ಆಗ ಎರಡು ದಿನ ರಜ ಹಾಕಿ ಒಬ್ಬರೇ ಬಸ್ಸು ಹತ್ತಿ ಎಲ್ಲಿಗೋ ಹೋಗಿಬಂದರು. ಎಲ್ಲಿಗೆ ಅಂತ ಕೇಳಿದ್ದಕ್ಕೆ ನನ್ನ ಗಂಡನಿಗೆ ಹೇಳಿದ್ದು ಇಷ್ಟೇ: "ಇಪ್ಪತ್ನಾಲ್ಕು ಚೆನ್ನಾಗೈತೆ." ಎರಡು ವರ್ಷ ಟೂರು ಹೊಗೇನಕಲ್ಲಿಗೆ ಹೋಯಿತು. ಮೂರನೇ ವರ್ಷ ಮತ್ತೆ ಅದೇ ದಂಡೆ, ಅದೇ ಹಗ್ಗ, ಅದೇ ಸೀಟಿ.

ಈಗ ಬೀಳ್ಕೊಡುಗೆಯ ದಿನಕ್ಕೆ ಬರ್ತೀನಿ. ಸ್ಟೇಜಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಬನ್ನಿ, ಅಣ್ಣನ ಸ್ಟೋರು ನೋಡಿ ಅಂತ ನಮ್ಮನ್ನೆಲ್ಲ ಒಳಗೆ ಕರೆದುಕೊಂಡು ಹೋದರು. ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಗೋಡೆ ತುಂಬ ಮೊಳೆ, ಮೊಳೆ ತುಂಬ ಸ್ಪ್ಯಾನರು, ಒಂದೂ ಖಾಲಿ ಇಲ್ಲ. ಕಿಟಕಿ ಪಕ್ಕದಲ್ಲಿ ಒಂದು ಮರದ ಹಲಗೆ, ಅದರ ಮೇಲೆ ನಲವತ್ತು ಮೊಳೆ, ನಮ್ಮ ಮಕ್ಕಳ ಟೋಕನ್ನುಗಳು. ಹನ್ನೆರಡು, ಹದಿಮೂರು ಅಂತ ಬೆರಳಿಟ್ಟು ನೋಡುತ್ತಾ ಹೋದೆ, ನಮ್ಮದನ್ನ ಒಂದು ಸಲ ಮುಟ್ಟೋಣ ಅಂತ.

ಹದಿನಾಲ್ಕನೇ ಮೊಳೆಯಲ್ಲಿ ಟೋಕನ್ ಇರಲಿಲ್ಲ.

ಚೀಟಿ ಇತ್ತು. ಹಳದಿ ತಿರುಗಿ, ಅಂಚು ಪುಡಿಯಾಗಿ, ವರ್ಷವರ್ಷದ ಆಯುಧ ಪೂಜೆಯ ಅರಿಶಿನ ಕುಂಕುಮ ಅಂಟಿಕೊಂಡಿದ್ದ ಚೀಟಿ. ಅಂದರೆ ಆವತ್ತು ಅವರು ಜೇಬಲ್ಲಿ ಬೇರೆ ಯಾವುದೋ ಟೋಕನ್ ಇಟ್ಟುಕೊಂಡೇ ನೀರಿಗೆ ಇಳಿದಿದ್ದರು. ಊರಿಗೆಲ್ಲ ಒಂದು ಸುಳ್ಳು ಹೇಳಿ ನಮ್ಮ ಗಂಟೆ ಉಳಿಸಿಕೊಟ್ಟಿದ್ದರು, ತಮ್ಮ ಮೊಳೆಗೆ ಮಾತ್ರ ಸುಳ್ಳು ಹೇಳೋಕೆ ಅವರ ಕೈಲಿ ಆಗಿರಲಿಲ್ಲ. ಮ್ಯಾನೇಜರಿಗೆ ಓದೋಕೆ ಬಾರದ ಕನ್ನಡದಲ್ಲಿ, ಶಿಫ್ಟ್ ಬೆಲ್ಲಿನ ಮೇಲೆ ಅರ್ಧ ನಿಮಿಷ ಲೇಟಾದರೆ ಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಆ ಮನುಷ್ಯ, ದುಂಡಗೆ ಬರೆದಿದ್ದರು:

"ಹದಿನಾಲ್ಕು. ಸಮುದ್ರದ ಹತ್ರ ಇದೆ. ಅವಸರ ಇಲ್ಲ."